ಹಗ್ಗದ ಇನ್ನೊಂದು ತುದಿ

ಹೊನ್ನಾವರದ ಸಮೀಪದ ನನ್ನ ತವರುಮನೆಯಲ್ಲಿ ಬಾವಿಗೆ ಕೊಡಪಾನ ಬಿದ್ದರೆ ಮೊದಲು ಪಾತಾಳಗರಡಿಯನ್ನು ಇಳಿಬಿಡುತ್ತಿದ್ದರು. ಅದಕ್ಕೂ ಸಿಕ್ಕದಿದ್ದಾಗ ಬಾವಿಗಿಳಿಯಬಲ್ಲವನೊಬ್ಬನನ್ನು ಹೇಳಿ ಕಳುಹಿಸಿ ಕರೆಸುತ್ತಿದ್ದರು. ಅವನು ಈಜಿನಲ್ಲಿ ಎಷ್ಟೇ ನಿಪುಣನಾಗಿದ್ದರೂ ಸೊಂಟಕ್ಕೊಂದು ಹಗ್ಗ ಕಟ್ಟಿಕೊಳ್ಳದೆ ಇಳಿಯುತ್ತಿರಲಿಲ್ಲ. ಆ ಹಗ್ಗದ ಇನ್ನೊಂದು ತುದಿಯನ್ನು ಯಾರ ಕೈಗೆ ಕೊಡಬೇಕೆಂಬುದನ್ನೂ ಅವನೇ ನಿರ್ಧರಿಸುತ್ತಿದ್ದನು. ಬಾವಿಕಟ್ಟೆಯ ಸುತ್ತ ನೆರೆದ ನಾವು ಮಕ್ಕಳು ನೀರಿನಿಂದೇಳುವ ಗುಳ್ಳೆಗಳನ್ನು ನೋಡುತ್ತ ನಿಲ್ಲುತ್ತಿದ್ದೆವು. ಹಗ್ಗ ಹಿಡಿದವನು ಮಾತ್ರ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಕೆಳಗಿನಿಂದ ಜಗ್ಗಿದ್ದು ತಿಳಿಯದೆ ಹೋದೀತೆಂಬ ಭಯ ಅವನಿಗೆ.

ಐವತ್ತು ದಾಟಿದ ಈ ವಯಸ್ಸಿನಲ್ಲಿ, ಫ್ಲೋರಿಡಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ನಿಂತಾಗ ಈ ನೆನಪು ಮರುಕಳಿಸಿತು. ಉದ್ಯೋಗಸ್ಥನಾದ ನನ್ನ ಮಗ ಅಲ್ಲಿ ತನ್ನ ಸ್ಕೂಬಾ ಸಾಮಗ್ರಿಗಳನ್ನು ಹರವಿಕೊಂಡು ಕುಳಿತಿದ್ದನು. ಸಾಮಾನ್ಯವಾಗಿ ಒಂದೊಂದೇ ಇರುತ್ತಿದ್ದ ವಸ್ತುಗಳು ಅಂದು ಎರಡೆರಡಿದ್ದವು: ಎರಡು ಮುಖಗವಸು, ಎರಡು ಚಾಕು, ಎರಡು ದೀಪ, ಆಳವನ್ನೂ ಹೊತ್ತನ್ನೂ ಅಳೆಯುವ ಎರಡು ಕೈಗಣಕಗಳು, ದೊಡ್ಡ ಸಿಲಿಂಡರಿನ ಪಕ್ಕದಲ್ಲಿ ಅದರ ಮರಿಯಂತಹ ಇನ್ನೊಂದು ಸಿಲಿಂಡರು. ಜೊತೆಗಾರನಿಗಾಗಿ ಕೊಂಡನೆಂದು ನಾನು ಭಾವಿಸಿದೆ. ಅವನು ನಕ್ಕು, “ಇಲ್ಲ ಆಯಿ, ಜೊತೆಗಾರ ಇಲ್ಲದ್ದಕ್ಕೇ ಇದೆಲ್ಲ. ಒಬ್ಬನೇ ಇಳಿಯುವ ತರಬೇತಿಗೆ ಸೇರಿದ್ದೇನೆ” ಎಂದನು.

ಅಂದು ನಾನಾಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ತಾಯಂದಿರಾದ ಓದುಗರು ಊಹಿಸಿಕೊಳ್ಳಬಲ್ಲರು. ಎರಡು ದಿನ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಮೂರನೆಯ ದಿನ, ಬಿ.ಎ.ಯಲ್ಲಿ ಇತಿಹಾಸ ಓದಿದವಳಾದ ನನಗೆ ಬಂದ ಹಳೆಯ ಅಭ್ಯಾಸದಂತೆ, ಊರಿನ ಗ್ರಂಥಾಲಯಕ್ಕೆ ಹೋದೆ. ನೀರಿನಾಳಕ್ಕೆ ಮನುಷ್ಯನು ಒಂಟಿಯಾಗಿ ಇಳಿದದ್ದು ಯಾವಾಗ, ಏತಕ್ಕೆ, ಯಾವ ಸಿದ್ಧತೆಯಿಂದ ಎಂಬುದನ್ನು ಅರಿಯುವುದು ನನ್ನ ಉದ್ದೇಶವಾಗಿತ್ತು. ಮಗನನ್ನು ತಡೆಯಲು ಒಂದು ಬಲವಾದ ಆಧಾರ ದೊರೆತೀತೆಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮುತ್ತಿನ ಕಡಲು

ಕನ್ನಡಿಗರಾದ ನಮಗೆ ನೀರಿನಲ್ಲಿ ಒಂಟಿಯಾಗಿ ಮುಳುಗಿದವನೆಂದರೆ ಮೊದಲು ನೆನಪಾಗುವವನು ದುರ್ಯೋಧನ. ವೈಶಂಪಾಯನ ಸರೋವರವನ್ನು ಹೊಕ್ಕಾಗ ಅವನ ಬಳಿಯಿದ್ದದ್ದು ಜಲಸ್ತಂಭನ ಮಂತ್ರವೊಂದೇ. ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ಆ ಏಕಾಂತ ಎಷ್ಟು ಹೊತ್ತು ಉಳಿಯಿತೆಂಬುದೂ ಗೊತ್ತು. ಮಂತ್ರವನ್ನರಿಯದ ಸಾಮಾನ್ಯ ಮನುಷ್ಯರಾದರೋ ಹಗ್ಗವನ್ನೂ ಬಂಧುವನ್ನೂ ನಂಬಿದರು.

ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೂ ಬಂದಿದ್ದನು. ಅಲ್ಲಿ ಹೆಣ್ಣುಮಕ್ಕಳಿಗಾಗಿಯೇ ಹದಿಮೂರು ಶಾಲೆಗಳಿದ್ದುವೆಂದು ಬರೆದು ನಮ್ಮ ಊರಿಗೆ ಕೀರ್ತಿ ತಂದನು. ಅದೇ ಪ್ರವಾಸಕಥನದಲ್ಲಿ ಅವನು ಪರ್ಷಿಯನ್ ಕೊಲ್ಲಿಯ ಮುತ್ತಿನ ಮುಳುಗುಗಾರರನ್ನೂ ವರ್ಣಿಸಿದ್ದಾನೆ. ಆಮೆಚಿಪ್ಪಿನಿಂದ ಮಾಡಿದ ಚಿಮಟದಂತಹ ಸಾಧನವನ್ನು ಮೂಗಿಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವರು ಮುಳುಗುತ್ತಿದ್ದರಂತೆ. ಕೆಲವರು ಒಂದೆರಡು ಗಂಟೆ ನೀರಿನಲ್ಲಿಯೇ ಇರಬಲ್ಲರೆಂದು ಅವನು ಬರೆದದ್ದು ಅತಿಶಯೋಕ್ತಿ. ಹಗ್ಗದ ಮಾತು ಮಾತ್ರ ಸತ್ಯ.

ಬಹರೈನ್, ಕುವೈತ್ ಮೊದಲಾದ ಕೊಲ್ಲಿಯ ತೀರಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಈ ಉದ್ಯೋಗ ಬಹುತೇಕ ಅದೇ ರೀತಿಯಲ್ಲಿ ನಡೆಯಿತು. ಹಡಗಿನ ಒಡೆಯ ‘ನಾಖುದಾ’. ಪಶ್ಚಿಮ ಕರಾವಳಿಯ ನಮಗೆ ಅಪರಿಚಿತವಲ್ಲದ ಪದ. ಮುಳುಗುವವನು ‘ಘೈಸ್’, ಅವನ ಹಗ್ಗ ಹಿಡಿಯುವವನು ‘ಸೈಬ್’. ಕಲ್ಲು ಕಟ್ಟಿದ ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು ಘೈಸ್ ತಳ ಸೇರುತ್ತಿದ್ದನು. ಕತ್ತಿನ ಬುಟ್ಟಿಗೆ ಚಿಪ್ಪುಗಳನ್ನು ತುಂಬಿಕೊಂಡು ಹಗ್ಗವನ್ನು ಜಗ್ಗಿದೊಡನೆ ಸೈಬ್ ಅವನನ್ನು ಮೇಲೆಳೆಯುತ್ತಿದ್ದನು. ಮುಳುಗುವವನಿಗೆ ಸಿಕ್ಕಷ್ಟು ಪಾಲು ಎಳೆಯುವವನಿಗೆ ಸಿಕ್ಕುತ್ತಿರಲಿಲ್ಲ. ಆದರೆ ಅವನು ಒಂದು ಕ್ಷಣ ಮೈಮರೆತರೆ ಪಾಲು ಕೇಳುವವನೇ ಉಳಿಯುತ್ತಿರಲಿಲ್ಲ. ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ಆಕ್ರಮಿಸಿ, ಜಗತ್ತಿನ ಆರ್ಥಿಕ ಕುಸಿತವೂ ಅದಕ್ಕೆ ಜೊತೆಗೂಡಿದ 1930ರ ದಶಕದಲ್ಲಿ ಈ ಉದ್ಯೋಗ ನೆಲಕಚ್ಚಿತು. ಅದರ ಅವಶೇಷಗಳಾದ ಬಹರೈನಿನ ಮುತ್ತಿನ ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಜಪಾನಿನ ‘ಆಮಾ’ ಎಂಬ ಮುಳುಗುಗಾರ್ತಿಯರಲ್ಲಿ ದೋಣಿಯಿಂದ ಇಳಿಯುವವರ ಹಗ್ಗವನ್ನು ಹಿಡಿಯುವವನು ಸಾಮಾನ್ಯವಾಗಿ ಗಂಡನೇ. ನಮ್ಮ ನೀಲಗಿರಿಯ ಕಾಡುಗಳಲ್ಲಿ ಬಂಡೆಯ ಅಂಚಿನಿಂದ ಜೋತುಬಿದ್ದು ಜೇನು ತೆಗೆಯುವವರ ಹಗ್ಗ ಹೆಂಡತಿಯ ಅಣ್ಣತಮ್ಮಂದಿರ ಕೈಯಲ್ಲಿರುತ್ತದೆ. ತನ್ನ ಅಕ್ಕತಂಗಿಯ ತಾಳಿಯನ್ನು ಯಾರು ತಾನೆ ಕೈಬಿಟ್ಟಾರು? ನೀರಾಗಲಿ ಬಂಡೆಯಾಗಲಿ, ಹಗ್ಗವನ್ನು ಯಾರಿಗೆ ಕೊಡಬೇಕೆಂಬ ವಿಚಾರದಲ್ಲಿ ಮನುಷ್ಯನು ಎಲ್ಲೆಡೆಯೂ ಒಂದೇ ಬಗೆಯ ಎಚ್ಚರ ವಹಿಸಿದ್ದಾನೆ.

ಪೀಪಾಯಿಯಿಂದ ಶಿರಸ್ತ್ರಾಣಕ್ಕೆ

ಯಂತ್ರದ ನೆರವಿನಿಂದ ಒಬ್ಬನೇ ಇಳಿದವರಲ್ಲಿ ನನ್ನ ಗಮನವನ್ನು ಮೊದಲು ಸೆಳೆದವನು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಉಣ್ಣೆ ವ್ಯಾಪಾರಿ ಜಾನ್ ಲೆತ್‌ಬ್ರಿಜ್. ಹದಿನೇಳು ಮಕ್ಕಳ ಸಂಸಾರವನ್ನು ಸಾಗಿಸಲಾರದೆ, ಮುಳುಗಿದ ಹಡಗುಗಳಿಂದ ಹಣ ತೆಗೆಯುವ ಉಪಾಯ ಹೂಡಿದನು. 1715ರಲ್ಲಿ ಅವನು ಓಕ್ ಮರದ ಉದ್ದನೆಯ ಪೀಪಾಯಿಯೊಂದನ್ನು ಮಾಡಿಸಿ, ಅದಕ್ಕೊಂದು ಗಾಜಿನ ಕಿಂಡಿಯನ್ನೂ, ತೋಳು ಹೊರಚಾಚಲು ಚರ್ಮ ಬಿಗಿದ ಎರಡು ರಂಧ್ರಗಳನ್ನೂ ಇರಿಸಿ, ತಾನೇ ಒಳಗೆ ಮಲಗಿ ನೀರಿಗಿಳಿದನು. ಒಳಗಿನ ಗಾಳಿ ಮುಗಿಯುವುದರೊಳಗೆ, ಅಂದರೆ ಸುಮಾರು ಅರ್ಧ ಗಂಟೆಯಲ್ಲಿ, ಮೇಲಿನವರು ಅವನನ್ನು ಎಳೆದುಕೊಳ್ಳಬೇಕಾಗಿತ್ತು.

ಈತನ ಸಾಹಸಕ್ಕಿಂತ ಈತನ ಸಿದ್ಧತೆಯೇ ನನಗೆ ಮೆಚ್ಚುಗೆಯಾಯಿತು. ಗಾಳಿಯಾಡದ ಪೀಪಾಯಿಯಲ್ಲಿ ಎಷ್ಟು ಹೊತ್ತು ಬದುಕಬಹುದೆಂಬುದನ್ನು ಅವನು ಮೊದಲು ನೆಲದ ಮೇಲೆಯೇ ಪರೀಕ್ಷಿಸಿಕೊಂಡನು, ಬಳಿಕ ತೋಟದಲ್ಲಿ ನೀರು ತುಂಬಿಸಿ ಪ್ರಯೋಗ ಮಾಡಿದನು, ಸಮುದ್ರಕ್ಕಿಳಿದದ್ದು ಕೊನೆಗೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ನಾವು ಹಾಸ್ಯಕ್ಕೆ ಹೇಳುವುದರ ತದ್ವಿರುದ್ಧ ದಾರಿ ಅವನದು. ಹತ್ತು ಮಾರು ಆಳದಲ್ಲಿ ಕೆಲಸ ಮಾಡಿ ಅನೇಕ ಹಡಗುಗಳ ಸಂಪತ್ತನ್ನು ಎತ್ತಿದ ಅವನು, ಹನ್ನೆರಡು ಮಾರಿನಲ್ಲಿ ತನಗೆ ಬಹಳ ಕಷ್ಟವಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ತನ್ನ ಮಿತಿಯನ್ನು ಅಳೆದು ಬರೆದಿಡುವುದು ಈ ವಿದ್ಯೆಯ ಮೊದಲ ಪಾಠವೆಂದು ತೋರುತ್ತದೆ.

1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ತಾಮ್ರದ ಶಿರಸ್ತ್ರಾಣವನ್ನೂ ನೀರು ಹೊಗದ ಉಡುಪನ್ನೂ ಒಂದಾಗಿ ಜೋಡಿಸಿದನು. ಮೇಲಿನಿಂದ ಪಂಪಿನ ಮೂಲಕ ಕೊಳವೆಯಲ್ಲಿ ಗಾಳಿ ಬರತೊಡಗಿತು. ಇಂಗ್ಲೆಂಡಿನ ಸ್ಪಿಟ್‌ಹೆಡ್ ಬಳಿ 1782ರಲ್ಲಿ ನೂರಾರು ಜನರೊಂದಿಗೆ ಮುಳುಗಿದ್ದ ‘ರಾಯಲ್ ಜಾರ್ಜ್’ ಯುದ್ಧನೌಕೆಯ ಅವಶೇಷಗಳನ್ನು ತೆಗೆಯಲು 1839ರಿಂದ ಕರ್ನಲ್ ಚಾರ್ಲ್ಸ್ ಪಾಸ್ಲಿ ಈ ಉಡುಪನ್ನೇ ಬಳಸಿದನು. ಇಬ್ಬಿಬ್ಬರು ಜೊತೆಯಾಗಿ ಕೆಲಸ ಮಾಡಬೇಕೆಂದು ಅವನು ತನ್ನ ಮುಳುಗುಗಾರರಿಗೆ ಆಜ್ಞಾಪಿಸಿದನು. ಇಂದು ಸ್ಕೂಬಾ ಶಾಲೆಗಳು ಕಲಿಸುವ ಜೊತೆಗಾರನ ನಿಯಮಕ್ಕೆ ದಾಖಲೆಯಲ್ಲಿರುವ ಮೊದಲ ನಿದರ್ಶನ ಇದೇ. ಆ ಕಾರ್ಯದಲ್ಲಿಯೇ ಒಬ್ಬನ ಗಾಳಿಕೊಳವೆ ಅವಶೇಷಗಳಲ್ಲಿ ಸಿಕ್ಕಿಕೊಂಡು, ಅದನ್ನು ಕತ್ತರಿಸಿಯೇ ಅವನು ಮೇಲೆದ್ದು ಬರಬೇಕಾಯಿತು. ಪ್ರಾಣವನ್ನು ಕೊಡುವ ಕೊಳವೆ ಪ್ರಾಣಕ್ಕೇ ಉರುಳಾಗಬಹುದು. ಮಗನ ಚಾಕುಗಳು ಎರಡೇಕೆ ಎಂಬುದು ನನಗೆ ಇಲ್ಲಿ ಅರ್ಥವಾಯಿತು.

ಸೆವರ್ನ್ ಸುರಂಗದ ಬಾಗಿಲು

ನಾನು ಓದಿದ ಸಂಗತಿಗಳಲ್ಲಿ ಮನಸ್ಸನ್ನು ಬಹುವಾಗಿ ಕಲಕಿದ್ದು 1880ರ ಘಟನೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ನಡುವೆ ಸೆವರ್ನ್ ನದಿಯ ಅಡಿಯಲ್ಲಿ ರೈಲು ಸುರಂಗವನ್ನು ತೋಡುತ್ತಿದ್ದಾಗ, 1879ರ ಅಕ್ಟೋಬರಿನಲ್ಲಿ ಭೂಗರ್ಭದ ದೊಡ್ಡ ಒರತೆಯೊಂದು ಒಡೆದು ಇಡೀ ಕಾಮಗಾರಿ ಜಲಾವೃತವಾಯಿತು. ಓಡಿ ಪ್ರಾಣ ಉಳಿಸಿಕೊಂಡ ಕೆಲಸಗಾರರು ಸುರಂಗದೊಳಗಿನ ಕಬ್ಬಿಣದ ಬಾಗಿಲೊಂದನ್ನು ಮುಚ್ಚದೆ ಬಂದಿದ್ದರು. ಅದು ಮುಚ್ಚದ ಹೊರತು ಪಂಪುಗಳಿಂದ ನೀರನ್ನು ಬರಿದುಮಾಡುವಂತಿರಲಿಲ್ಲ. ಬಾಗಿಲಿದ್ದದ್ದು ಇಳಿಗುಂಡಿಯಿಂದ ಸುಮಾರು ಸಾವಿರ ಅಡಿ ಒಳಗೆ, ಬೆಳಕಿನ ಸುಳಿವೂ ಇಲ್ಲದ ನೀರಿನಲ್ಲಿ.

ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಧೀರ ಮುಳುಗುಗಾರ ಮೊದಲು ಸೀಬೆಯ ಮಾದರಿಯ ಉಡುಪಿನಲ್ಲಿ ಹೋದನು. ಅವನ ಉದ್ದನೆಯ ಗಾಳಿಕೊಳವೆಯನ್ನು ಮುಂದೆ ಸಾಗಿಸಲು ಇನ್ನಿಬ್ಬರು ಹಿಂದೆ ನಿಂತಿದ್ದರು. ಆದರೂ ಕೊಳವೆ ತೇಲಿ ಸುರಂಗದ ಮೇಲ್ಛಾವಣಿಗೆ ಉಜ್ಜಿಕೊಂಡಿತು. ಅದರ ಸೆಳೆತಕ್ಕೆ ಸೋತು ಅವನು ಗುರಿ ಮುಟ್ಟದೆ ಹಿಂದಿರುಗಿದನು. ಆಗ ಹೆನ್ರಿ ಫ್ಲೂಸ್ ಎಂಬುವನು 1878ರಲ್ಲಿ ರೂಪಿಸಿದ್ದ ಹೊಸ ಸಾಧನದ ನೆನಪಾಯಿತು. ಅದಕ್ಕೆ ಕೊಳವೆಯ ಹಂಗಿಲ್ಲ: ಬೆನ್ನಿನ ತಾಮ್ರದ ಪಾತ್ರೆಯಲ್ಲಿ ಆಮ್ಲಜನಕ, ಬಿಟ್ಟ ಉಸಿರನ್ನು ಶುದ್ಧಗೊಳಿಸಲು ಕಾಸ್ಟಿಕ್ ಪೊಟ್ಯಾಷಿನಲ್ಲಿ ತೊಯ್ಸಿದ ನಾರು. ಸಾಧನದ ನಿರ್ಮಾಪಕನೇ ಮೊದಲು ಇಳಿದು ಸಾಧಿಸಲಾರದೆ ಹೋದ ಕಾರ್ಯವನ್ನು ನವೆಂಬರಿನಲ್ಲಿ ಲ್ಯಾಂಬರ್ಟ್ ಕೈಗೆತ್ತಿಕೊಂಡನು. ಮೊದಲ ಸಲ ಹೋದವನು ಬಾಗಿಲಿಗೆ ಅಡ್ಡಲಾಗಿದ್ದ ಕಂಬಿಯ ಕೆಲಸವನ್ನಷ್ಟೇ ಮಾಡಿ ಹಿಂದಿರುಗಿದನು. ಎರಡನೆಯ ಸಲ ಆ ಕತ್ತಲೆಯಲ್ಲಿ ತಡಕಾಡುತ್ತ ನಡೆದು ಬಾಗಿಲನ್ನು ಮುಚ್ಚಿ, ಪಕ್ಕದ ಕವಾಟವನ್ನು ಹೇಳಿದಷ್ಟು ಸುತ್ತು ತಿರುಗಿಸಿ ಬಂದನು.

ಆದರೂ ನೀರು ನಿರೀಕ್ಷಿಸಿದಷ್ಟು ಬೇಗ ಇಳಿಯಲಿಲ್ಲ. ಕೊನೆಗೆ ಜನರು ಒಳಹೋಗಿ ನೋಡಿದಾಗ, ಆ ಕವಾಟದ ತಿರುಪು ಎಡಕ್ಕೆ ತಿರುಗುವ ಜಾತಿಯದಾಗಿತ್ತು. ಲ್ಯಾಂಬರ್ಟ್ ಮುಚ್ಚಿದೆನೆಂದು ತಿಳಿದು ಅದನ್ನು ತೆರೆದುಬಂದಿದ್ದನು! ಅವನಲ್ಲಿ ಧೈರ್ಯದ ಕೊರತೆಯಿರಲಿಲ್ಲ, ಕೌಶಲದ ಕೊರತೆಯೂ ಇರಲಿಲ್ಲ. ಕತ್ತಲೆಯಲ್ಲಿ ಕೈ ಮುಟ್ಟಲಿರುವ ವಸ್ತುವನ್ನು ಬೆಳಕಿನಲ್ಲಿ ಮೊದಲೇ ಅರಿತಿರಬೇಕೆಂಬುದೊಂದು ಮಾತು ಎಲ್ಲರಿಗೂ ತಪ್ಪಿಹೋಗಿತ್ತು. ಇದನ್ನು ಓದಿ ಮನೆಗೆ ಬಂದಾಗ ನನ್ನ ಮಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತನ್ನ ಸಿಲಿಂಡರುಗಳ ತಿರುಪುಗಳನ್ನು ತಡವಿ ತಿರುಗಿಸುತ್ತಿದ್ದನು. ಹಿಂದಿನ ದಿನವಾಗಿದ್ದರೆ ಹುಚ್ಚಾಟವೆನ್ನುತ್ತಿದ್ದೆ. ಅಂದು ಲ್ಯಾಂಬರ್ಟನ ಕಥೆಯನ್ನು ಹೇಳಿದೆ. ಮೂರು ದಿನಗಳ ಮೌನ ಅಲ್ಲಿಗೆ ಮುಗಿಯಿತು.

ಮೇಲೇರುವ ವಿದ್ಯೆ

ಇಳಿಯುವುದಕ್ಕಿಂತ ಏರುವುದು ಕಷ್ಟವೆಂಬುದನ್ನು ಮನುಷ್ಯ ಬಹಳ ಬೆಲೆ ತೆತ್ತು ಕಲಿತನು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಗುಳ್ಳೆಗಳಾಗಿ ಹೊರಬಿದ್ದು ಕೀಲುಗಳನ್ನೂ ನರಗಳನ್ನೂ ಹಿಂಡುತ್ತದೆ. ಫ್ರೆಂಚ್ ವಿಜ್ಞಾನಿ ಪಾಲ್ ಬೆರ್ 1878ರ ತನ್ನ ಮಹಾಗ್ರಂಥದಲ್ಲಿ ಇದನ್ನು ವಿವರಿಸಿದನು. ಆಮ್ಲಜನಕವೂ ಒತ್ತಡದಲ್ಲಿ ವಿಷವಾಗುವುದೆಂದು ತೋರಿಸಿದವನೂ ಅವನೇ.

ನ್ಯೂಯಾರ್ಕಿಗೆ ಹೋದವರೆಲ್ಲ ನೋಡುವ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದ ಒತ್ತಡದ ಕೋಣೆಗಳಲ್ಲಿ ದುಡಿದವರನ್ನು ಇದೇ ರೋಗ ಕಾಡಿತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದನು. ಅವನ ಪತ್ನಿ ಎಮಿಲಿ ಗಣಿತವನ್ನೂ ನಿರ್ಮಾಣಶಾಸ್ತ್ರವನ್ನೂ ಕಲಿತು, ಮನೆಗೂ ಕಾಮಗಾರಿಗೂ ನಡುವೆ ಓಡಾಡಿ, 1883ರಲ್ಲಿ ಸೇತುವೆ ಉದ್ಘಾಟನೆಯಾಗುವವರೆಗೆ ಗಂಡನ ಕಣ್ಣೂ ಬಾಯಿಯೂ ಆದಳು. ಆಕೆ ಹಿಡಿದದ್ದೂ ಒಂದು ಹಗ್ಗವೇ ಅಲ್ಲವೇ?

ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಹಂತಹಂತವಾಗಿ ನಿಂತು ನಿಂತು ಮೇಲೇರುವ ಕ್ರಮವನ್ನು ಕೋಷ್ಟಕಗಳ ರೂಪದಲ್ಲಿ 1908ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದನು. ಇಂದಿನ ಕೈಗಣಕಗಳ ಲೆಕ್ಕಗಳ ಹಿಂದಿರುವುದು ಆ ಕೋಷ್ಟಕಗಳ ಪರಂಪರೆಯೇ.

ನೀರಿನ ಮೇಲೆ ಸಿಮೋನ್

ಕೊಳವೆಯಿಂದ ನಿಜವಾದ ಬಿಡುಗಡೆ ದೊರೆತದ್ದು ಎರಡನೆಯ ಮಹಾಯುದ್ಧದ ಕಾಲದ ಫ್ರಾನ್ಸಿನಲ್ಲಿ. ಅನಿಲದಿಂದ ಓಡುವ ಮೋಟಾರುಗಳಿಗಾಗಿ ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸುತ್ತಿದ್ದ ಕವಾಟವನ್ನು ನೌಕಾದಳದ ಅಧಿಕಾರಿ ಜಾಕ್ ಕೂಸ್ತೊ ಉಸಿರಾಟಕ್ಕೆ ಹೊಂದಿಸಿಕೊಂಡನು. ಮುಳುಗುಗಾರನು ಉಸಿರೆಳೆದಾಗ ಮಾತ್ರ, ಆ ಆಳದ ಒತ್ತಡಕ್ಕೆ ತಕ್ಕಷ್ಟು ಗಾಳಿ ಕೊಡುವ ಸಾಧನ ಅದು. 1943ರ ಜೂನಿನಲ್ಲಿ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಕೂಸ್ತೊ ಅದನ್ನು ಬೆನ್ನಿಗೇರಿಸಿ, ಮೀನಿನಂತೆ ಅಡ್ಡಲಾಗಿ ಈಜಿದನು. ಚರಿತ್ರೆಯ ಪುಸ್ತಕಗಳಲ್ಲಿ ಇದು ಮನುಷ್ಯನು ಸಮುದ್ರದಲ್ಲಿ ಸ್ವತಂತ್ರನಾದ ದಿನ.

ಆದರೆ ಆ ದಿನ ನೀರಿನ ಮೇಲೆ ಮುಖ ಕೆಳಗೆ ಮಾಡಿ ತೇಲುತ್ತ, ಕನ್ನಡಿಯ ಮುಖಗವಸಿನಿಂದ ಅವನನ್ನೇ ದಿಟ್ಟಿಸುತ್ತಿದ್ದವಳು ಅವನ ಪತ್ನಿ ಸಿಮೋನ್. ಅವಳು ಸನ್ನೆ ಮಾಡಿದರೆ ಧುಮುಕಲು ಮಿತ್ರ ಫ್ರೆಡೆರಿಕ್ ದ್ಯೂಮಾ ದಡದಲ್ಲಿ ಸಿದ್ಧನಾಗಿದ್ದನು. ಕೊಳವೆ ಹೋಯಿತು, ಹಗ್ಗವೂ ಹೋಯಿತು; ಹಗ್ಗ ಹಿಡಿಯುವವರು ಹೋಗಲಿಲ್ಲ.

ಹಗ್ಗವಿದ್ದೂ ಉಳಿಯದವರುಂಟು. ಕೂಸ್ತೊವಿನ ಸಂಗಡಿಗ ಮೋರಿಸ್ ಫಾರ್ಗ್ 1947ರಲ್ಲಿ ಆಳದ ದಾಖಲೆಗಾಗಿ ಹಗ್ಗದೊಡನೆ ಇಳಿದನು. ಹಗ್ಗಕ್ಕೆ ಕಟ್ಟಿದ ಹಲಗೆಗಳಿಗೆ ಒಂದೊಂದಾಗಿ ಸಹಿ ಹಾಕುತ್ತ, ಕುಶಲವೆಂದು ಜಗ್ಗಿ ತಿಳಿಸುತ್ತ ಹೋದವನ ಸಂಜ್ಞೆ ನಿಂತುಹೋಯಿತು. ಎಳೆದು ತಂದಾಗ ಪ್ರಜ್ಞೆಯಿರಲಿಲ್ಲ, ಮತ್ತೆ ಮರಳಲಿಲ್ಲ. ಅವನ ಸಹಿ 120 ಮೀಟರಿನ ಹಲಗೆಯ ಮೇಲಿತ್ತು. ಆ ಆಳದಲ್ಲಿ ಸಾರಜನಕ ಮದ್ಯದಂತೆ ಮತ್ತೇರಿಸುತ್ತದೆ. ಜೊತೆಗಾರನಿರಲಿ ಇಲ್ಲದಿರಲಿ, ತನ್ನ ಬುದ್ಧಿಯೇ ಕೈಕೊಡುವ ಆಳವೊಂದಿದೆ ಎಂಬುದನ್ನು ಫಾರ್ಗ್ ಪ್ರಾಣ ಕೊಟ್ಟು ಕಲಿಸಿದನು.

1950ರ ದಶಕದಿಂದ ಅಮೆರಿಕದಲ್ಲಿ ಸ್ಕೂಬಾ ಜನಸಾಮಾನ್ಯರ ಹವ್ಯಾಸವಾಯಿತು. ಆ ಪದವೇ ‘ಸ್ವಯಂಪೂರ್ಣವಾದ ಜಲಾಂತರ ಉಸಿರಾಟದ ಸಾಧನ’ ಎಂಬರ್ಥದ ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳಿಂದಾದದ್ದು. ಸಾಧನ ಸ್ವಯಂಪೂರ್ಣವಾದರೂ ಮನುಷ್ಯ ಹಾಗಲ್ಲವೆಂದು ಶಾಲೆಗಳು ಅರಿತವು. ವೈ.ಎಂ.ಸಿ.ಎ. 1959ರಲ್ಲಿ, ಪ್ಯಾಡಿ ಎಂಬ ಸಂಸ್ಥೆ 1966ರಲ್ಲಿ ಪ್ರಾರಂಭಿಸಿದ ತರಬೇತಿಗಳೆಲ್ಲ ಒಬ್ಬನೇ ಇಳಿಯಬೇಡವೆಂಬುದನ್ನು ಮೂಲಮಂತ್ರವಾಗಿಸಿಕೊಂಡವು.

ಜೊತೆಗಾರನನ್ನು ಹೊತ್ತುಕೊಂಡು

ಹಾಗಾದರೆ ಈ ಒಂಟಿ ವಿದ್ಯೆ ಎಲ್ಲಿಂದ ಬಂತು? ಅದರ ಬೇರುಗಳಲ್ಲೊಂದು ನಮ್ಮ ಫ್ಲೋರಿಡಾದ ಉತ್ತರ ಭಾಗದ ಬುಗ್ಗೆಗಳಲ್ಲಿ, ಅವುಗಳ ಒಳಗಿನ ಜಲಗುಹೆಗಳಲ್ಲಿ ಇದೆ. ಶೆಕ್ ಎಕ್ಸ್‌ಲಿ ಎಂಬ ಗಣಿತದ ಉಪಾಧ್ಯಾಯರು ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ, 1979ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಹೊರದಾರಿಯವರೆಗೆ ಕಡಿಯದ ದಾರಿದಾರವಿರಬೇಕು. ಗಾಳಿಯ ಮೂರನೆಯ ಒಂದು ಪಾಲನ್ನು ಹೋಗಲು, ಒಂದು ಪಾಲನ್ನು ಬರಲು ಬಳಸಿ, ಉಳಿದ ಪಾಲನ್ನು ಆಪತ್ತಿಗೆ ಮೀಸಲಿಡಬೇಕು. ದೀಪಗಳು ಮೂರಿರಬೇಕು ಎಂಬ ನಿಯಮಗಳು ಗುಹೆಯ ಮುಳುಗುಗಾರರಿಗೆ ಶಾಸ್ತ್ರವಾದವು. ‘ಒಂದು ಕೆಟ್ಟರೆ ಇನ್ನೊಂದು’ ಎಂಬ ತತ್ತ್ವ ಹೀಗೆ ಬೆಳೆಯಿತು.

ಇನ್ನೊಂದು ಕಡೆ, ಜೊತೆಗಾರನ ನಿಯಮ ಎಷ್ಟೋ ವೇಳೆ ಹೆಸರಿಗಷ್ಟೇ ಉಳಿದಿತ್ತು. ದೋಣಿಯಲ್ಲಿ ಆ ಬೆಳಿಗ್ಗೆ ಪರಿಚಯವಾದ ಅಪರಿಚಿತನೇ ಜೊತೆಗಾರ. ನೀರಿಗಿಳಿದ ಮೇಲೆ ಅವನೊಂದು ದಿಕ್ಕು, ಇವನೊಂದು ದಿಕ್ಕು. ಛಾಯಾಚಿತ್ರಗಾರರೂ ತರಬೇತುದಾರರೂ ವಾಸ್ತವವಾಗಿ ಒಂಟಿಯಾಗಿಯೇ ಇದ್ದರು. ಒಂಟಿತನವನ್ನು ಮರೆಮಾಚುವ ಬದಲು ಅದಕ್ಕೆ ಸಿದ್ಧರಾಗುವುದು ಲೇಸೆಂಬ ವಾದವನ್ನು ರಾಬರ್ಟ್ ವಾನ್ ಮೈಯರ್ 1991ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದರು. ಶತಮಾನದ ಕೊನೆಯ ಹೊತ್ತಿಗೆ ಸ್ಕೂಬಾ ಡೈವಿಂಗ್ ಇಂಟರ್‌ನ್ಯಾಷನಲ್ ಸಂಸ್ಥೆ ಅದಕ್ಕೊಂದು ಪಠ್ಯಕ್ರಮವನ್ನೇ ರೂಪಿಸಿತು. ಸೇರುವವರಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ನೂರು ಸಲ ಮುಳುಗಿದ ದಾಖಲೆ ಇರಬೇಕು.

ಈ ಶಿಕ್ಷಣದ ತಿರುಳನ್ನು ಮಗನ ಟಿಪ್ಪಣಿ ಪುಸ್ತಕದಿಂದ ನಾನು ಅರಿತೆ. ಸಮುದ್ರದ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಸಾಕಾಗುವವನಿಗೆ 10 ಮೀಟರ್ ಆಳದಲ್ಲಿ 40, 20 ಮೀಟರಿನಲ್ಲಿ 60, 30 ಮೀಟರಿನಲ್ಲಿ 80 ಲೀಟರ್ ಬೇಕು. ಗಾಬರಿಯಾದವನ ಉಸಿರು ಇನ್ನೂ ಹೆಚ್ಚು. ಮೇಲ್ಮೈಯ ಲೆಕ್ಕದಲ್ಲಿ ಅದನ್ನು 30 ಲೀಟರ್ ಎಂದಿಟ್ಟುಕೊಳ್ಳೋಣ. 30 ಮೀಟರ್ ಆಳದಲ್ಲಿ ಮುಖ್ಯ ಸಿಲಿಂಡರು ಕೈಕೊಟ್ಟರೆ, ಸಾವರಿಸಿಕೊಳ್ಳಲು ಒಂದು ನಿಮಿಷಕ್ಕೆ 120 ಲೀಟರ್. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗದಂತೆ 5 ಮೀಟರಿನವರೆಗೆ ಏರಲು ಸುಮಾರು 250. ಅಲ್ಲಿ ಮೂರು ನಿಮಿಷ ನಿಲ್ಲಲು 135. ಉಳಿದ ಏರಿಕೆಗೆ 35–40. ಒಟ್ಟು ಸುಮಾರು 540 ಲೀಟರ್. ಜೇಬಿನಲ್ಲಿಟ್ಟುಕೊಳ್ಳಬಹುದಾದ 80–90 ಲೀಟರಿನ ಪುಟ್ಟ ಡಬ್ಬಿ ಆ ಆಳದಲ್ಲಿ ಒಂದು ನಿಮಿಷಕ್ಕೂ ಸಾಲದು. ಮಗನು ಆರಿಸಿದ್ದು 850 ಲೀಟರ್ ಹಿಡಿಯುವುದನ್ನು. ನೂರು ಎಲೆಯ ಊಟಕ್ಕೆ ನೂರಿಪ್ಪತ್ತು ಎಲೆಯ ಅಕ್ಕಿ ಹಾಕುವ ಮನೆತನದಲ್ಲಿ ಬೆಳೆದ ನನಗೆ ಈ ಲೆಕ್ಕ ಹೊಸದೆನಿಸಲಿಲ್ಲ.

ಉಪಕರಣಗಳ ಮಾತು ಇಷ್ಟಾದರೆ ಅಭ್ಯಾಸದ ಮಾತು ಬೇರೆ. ಮುಖಗವಸು ಕಳಚಿದಾಗ ಅದಿಲ್ಲದೆಯೇ ಉಸಿರಾಡುತ್ತ ಎರಡನೆಯದನ್ನು ತೊಡುವುದು. ಬಾಯಿಂದ ಗಾಳಿಯ ತುದಿ ಜಾರಿದಾಗ ನೋಡದೆಯೇ ಮರಿ ಸಿಲಿಂಡರಿನದನ್ನು ಹಿಡಿಯುವುದು. ಮೀನುಬಲೆಯ ದಾರ ಸುತ್ತಿಕೊಂಡರೆ ಎರಡು ಕೈಗಳಲ್ಲಿ ಯಾವುದರಿಂದಲಾದರೂ ಚಾಕು ತೆಗೆದು ಕತ್ತರಿಸುವುದು. ದಿಕ್ಸೂಚಿ ಹಿಡಿದು ಹೊರಟಲ್ಲಿಗೇ ಮರಳುವುದು. ಏರುವ ಮುನ್ನ ಕಿತ್ತಳೆಬಣ್ಣದ ತೇಲುಗೂಟವನ್ನು ದಾರದಲ್ಲಿ ಮೇಲೆ ಕಳುಹಿಸಿ ದೋಣಿಗಳಿಗೆ ತನ್ನ ಇರವನ್ನು ತಿಳಿಸುವುದು. ಇವೆಲ್ಲವನ್ನೂ ಮೊದಲು ಈಜುಕೊಳದಲ್ಲಿ, ಬಳಿಕ ಆಳವಿಲ್ಲದ ನೀರಿನಲ್ಲಿ, ಕೈಗೆ ತಾನಾಗಿ ಬರುವವರೆಗೆ ಮಾಡಬೇಕು. ಎಲ್ಲಕ್ಕಿಂತ ಮಿಗಿಲಾದದ್ದು, ಮನಸ್ಸಿಗೆ ಸರಿಯೆನಿಸದ ದಿನ ಇಳಿಯದೆ ಹಿಂದಿರುಗುವ ವಿದ್ಯೆ. 2024ರ ಜುಲೈನಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ನೆರೆಯಲ್ಲಿ ನೌಕಾಪಡೆಯವರೂ ಮಲ್ಪೆಯ ಮುಳುಗುತಜ್ಞರೂ ಹುಡುಕಾಡಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ನೀರಿನ ಸೆಳವು ಮಿತಿಮೀರಿದಾಗ ಅಂತಹ ನುರಿತವರೂ ಕೆಲಸ ನಿಲ್ಲಿಸಿ ಕಾದರು. ಅದು ಹೇಡಿತನವಲ್ಲ.

ಇಷ್ಟೆಲ್ಲ ಓದಿದ ಮೇಲೂ ಎರಡು ಸತ್ಯಗಳು ನನ್ನನ್ನು ಬಿಟ್ಟುಹೋಗಿಲ್ಲ. ಮೊದಲನೆಯದು, ನೀರಿನಲ್ಲಿ ಪ್ರಜ್ಞೆ ತಪ್ಪಿದವನಿಗೆ ಎರಡನೆಯ ಸಿಲಿಂಡರಿನಿಂದ ಪ್ರಯೋಜನವಿಲ್ಲ; ಅಲ್ಲಿ ಬೇಕಾದದ್ದು ಎರಡನೆಯ ಮನುಷ್ಯ. ಎರಡನೆಯದು ಎಕ್ಸ್‌ಲಿಯವರ ಅಂತ್ಯ. 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಾಕಾತೋನ್ ಎಂಬ ಆಳದ ಕೊಳದಲ್ಲಿ ಅವರೂ ಜಿಮ್ ಬೌಡನ್ ಅವರೂ ಸಾವಿರ ಅಡಿಯನ್ನು ಮುಟ್ಟುವ ಹಂಬಲದಿಂದ ಬೇರೆ ಬೇರೆ ಹಗ್ಗಗಳಗುಂಟ ಒಬ್ಬೊಬ್ಬರಾಗಿ ಇಳಿದರು. ಬೌಡನ್ ಮರಳಿದರು, ನಿಯಮಗಳನ್ನು ಬರೆದ ಎಕ್ಸ್‌ಲಿ ಮರಳಲಿಲ್ಲ. ಸಿದ್ಧತೆ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಇದನ್ನು ಮಗನಿಗೆ ಹೇಳಿದೆ. ಅವನು ವಾದಿಸಲಿಲ್ಲ. “ಗೊತ್ತು ಆಯಿ. ಅದಕ್ಕೇ ನಾನು ಇಪ್ಪತ್ತು ಮೀಟರು ದಾಟುವುದಿಲ್ಲ” ಎಂದನು.

ಅವನನ್ನು ತಡೆಯಲು ಚರಿತ್ರೆಯಲ್ಲಿ ಆಧಾರ ಹುಡುಕಿದ ನನಗೆ ದೊರೆತದ್ದು ಬೇರೊಂದು. ಲೆತ್‌ಬ್ರಿಜ್‌ನಿಂದ ಕೂಸ್ತೊವರೆಗೆ ಒಂಟಿಯಾಗಿ ಇಳಿದು ಕ್ಷೇಮವಾಗಿ ಮರಳಿದವರು ಯಾರೂ ನಿಜಕ್ಕೂ ಒಂಟಿಯಾಗಿರಲಿಲ್ಲ. ಇಂದಿನ ಒಂಟಿ ಮುಳುಗುಗಾರ ಜೊತೆಗಾರನ ಕೈಗಳನ್ನು ಉಪಕರಣಗಳ ರೂಪದಲ್ಲಿಯೂ, ಅವನ ಎಚ್ಚರವನ್ನು ಅಭ್ಯಾಸದ ರೂಪದಲ್ಲಿಯೂ ತಾನೇ ಹೊತ್ತೊಯ್ಯುತ್ತಾನೆ. ಹೊರಲಾರದ ಒಂದನ್ನು ಮಾತ್ರ ದಡದಲ್ಲಿ ಬಿಟ್ಟುಹೋಗಬೇಕು. ತೌರೂರನ್ನು ಬಿಟ್ಟು ಸಾಗರ ದಾಟಿ ಬಂದ ನಮ್ಮಲ್ಲಿ ಅನೇಕರಿಗೆ ಇದು ಹೊಸ ಮಾತಲ್ಲ. ಎರಡು ಸೂಟ್‌ಕೇಸುಗಳೊಡನೆ ಒಬ್ಬೊಬ್ಬರೇ ಬಂದೆವೆಂದು ಹೇಳಿಕೊಳ್ಳುತ್ತೇವೆ. ಊರಿನಲ್ಲಿ ನಮ್ಮ ಕಾಗದಕ್ಕಾಗಿ ಅಂಚೆಯವನ ದಾರಿ ಕಾದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಪ್ರತಿ ಸಲ ಹೊರಡುವ ಮುನ್ನ ಮಗನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತಾನೆ. ಎಲ್ಲಿ ಇಳಿಯುವನು, ಎಷ್ಟು ಆಳ, ಎಷ್ಟು ಗಂಟೆಗೆ ಇಳಿದು ಎಷ್ಟು ಗಂಟೆಗೆ ಮೇಲೆ ಬರುವನು, ಯಾವ ಹೊತ್ತಿನೊಳಗೆ ಫೋನು ಬರದಿದ್ದರೆ ಯಾರಿಗೆ ತಿಳಿಸಬೇಕು ಎಂಬಿಷ್ಟೇ ಅದರಲ್ಲಿರುತ್ತದೆ. ಆ ಹೊತ್ತಿನಲ್ಲಿ ನಾನು ಒಲೆಯ ಮೇಲೆ ಏನನ್ನೂ ಇಡುವುದಿಲ್ಲ; ಯಾರೊಡನೆಯೂ ಮಾತನಾಡುವುದೂ ಇಲ್ಲ. ಫೋನು ಬಂದ ಮೇಲೆ ಚೀಟಿಯನ್ನು ತೆಗೆದು, ಅಕ್ಕಿ ತೊಳೆಯಲು ಏಳುತ್ತೇನೆ.